ಮುದ್ದೆ ಮೈಯಾಗುವ ಬಗೆ

ಹೆಗ್ಗಡದೇವನಕೋಟೆಯ ಕಡೆಯ ಒಂದು ಹಳ್ಳಿ. ಹೊತ್ತು ಮುಳುಗಿ ಅರ್ಧ ತಾಸು ಕಳೆದಿದೆ. ದನಕರುಗಳು ಕೊಟ್ಟಿಗೆಯನ್ನು ಸೇರಿವೆ. ಒಲೆಯ ಮೇಲಿನ ಪಾತ್ರೆಯಲ್ಲಿ ಎಸರು ಕೊತಕೊತನೆ ಕುದಿಯುತ್ತಿದೆ. ಮನೆಯ ತಾಯಿಯು ಅದಕ್ಕೆ ರಾಗಿಯ ಹಿಟ್ಟನ್ನು ಸುರಿದು, ಸ್ವಲ್ಪ ಹೊತ್ತು ಬೇಯಗೊಟ್ಟು, ಕೋಲಿನಿಂದ ಬಲವಾಗಿ ತೊಳಸುತ್ತಾಳೆ. ಗಂಟಿಲ್ಲದೆ ಕೂಡಿಬಂದ ಹಿಟ್ಟನ್ನು ಮಣೆಯ ಮೇಲೆ ಹಾಕಿ, ಕೈಗೆ ತಣ್ಣೀರು ಸವರಿಕೊಂಡು ಉಂಡೆ ಕಟ್ಟುತ್ತಾಳೆ. ಹೊಲದಿಂದ ಬಂದ ಮಗನ ತಟ್ಟೆಗೆ ಒಂದು ಮುದ್ದೆ, ಒಂದು ಸೌಟು ಅವರೆಕಾಳಿನ ಸಾರು, ಒಂದು ಹಿಡಿ ಸೊಪ್ಪಿನ ಪಲ್ಯ ಬೀಳುತ್ತವೆ. ಕಾಲು ಗಂಟೆಯೊಳಗೆ ತಟ್ಟೆ ಬರಿದಾಗುತ್ತದೆ.

ಉಂಡವನಿಗೆ ಅಲ್ಲಿಗೆ ಊಟ ಮುಗಿಯಿತು. ದೇಹಕ್ಕೆ ಮಾತ್ರ ಕೆಲಸವು ಆಗ ಆರಂಭವಾಗುತ್ತದೆ. ನಡುರಾತ್ರಿಯ ಹೊತ್ತಿಗೆ ಆ ಮುದ್ದೆಯು ಮುದ್ದೆಯಾಗಿ ಉಳಿದಿರುವುದಿಲ್ಲ. ಬೆಳಗ್ಗೆ ಆ ಹುಡುಗನು ಗುದ್ದಲಿಯನ್ನು ಎತ್ತಿದಾಗ ತೋಳಿನಲ್ಲಿ ಬಲವಾಗಿ ನಿಲ್ಲುವುದು ಅದೇ ರಾಗಿ. ಹೊಲದಲ್ಲಿ ಬೆಳೆದ ಕಾಳು ಮನುಷ್ಯನ ಮೈಯಾಗುವ ಈ ಮಾರ್ಪಾಡು ಪ್ರತಿದಿನವೂ ಪ್ರತಿ ಮನೆಯಲ್ಲಿಯೂ ನಡೆಯುತ್ತಿರುವುದರಿಂದಲೇ ಅದರ ವಿಷಯದಲ್ಲಿ ಯಾರೂ ಬೆರಗುಪಡುವುದಿಲ್ಲ.

ಮೈಸೂರು ಜಿಲ್ಲೆಯ ಪಶ್ಚಿಮದ ತಾಲ್ಲೂಕುಗಳಲ್ಲಿ ಊಟದ ಬಗೆಯು ನೆಲದ ಬಗೆಯನ್ನು ಅನುಸರಿಸಿ ಬಂದಿದೆ. ಕಾವೇರಿಯ ಕಾಲುವೆಗಳ ನೀರನ್ನು ಕಂಡ ಕೃಷ್ಣರಾಜನಗರವು ಭತ್ತದ ಸೀಮೆ. ಲಕ್ಷ್ಮಣತೀರ್ಥ ಹರಿಯುವ ಹುಣಸೂರು, ಕೊಡಗಿನ ಅಂಚಿನ ಪಿರಿಯಾಪಟ್ಟಣ, ಕಬಿನಿಯ ಹೆಗ್ಗಡದೇವನಕೋಟೆ ಇವುಗಳ ಮಳೆಯಾಶ್ರಿತ ಹೊಲಗಳಲ್ಲಿ ರಾಗಿ, ಅವರೆ, ಹುರುಳಿ, ಹೊಗೆಸೊಪ್ಪುಗಳು ಬೆಳೆಯುತ್ತವೆ. ಕಾಡಿನಂಚಿನ ಹಾಡಿಗಳಲ್ಲಿ ವಾಸಿಸುವ ಜೇನುಕುರುಬರು ಹಿಂದಿನಿಂದಲೂ ಜೇನನ್ನೂ ಕಾಡುಗೆಣಸನ್ನೂ ಆಹಾರವಾಗಿ ಬಳಸಿದವರು. ಅಕ್ಕಿ ದೊಡ್ಡದೋ ರಾಗಿ ದೊಡ್ಡದೋ ಎಂಬ ಜಗಳ ಹಳೆಯದು. ಕನಕದಾಸರು ‘ರಾಮಧಾನ್ಯಚರಿತೆ’ಯನ್ನು ಬರೆದದ್ದು ಅದೇ ವಸ್ತುವಿನ ಮೇಲೆ. ಆದರೆ ಕರುಳಿನ ನ್ಯಾಯಾಲಯದಲ್ಲಿ ಈ ಮೇಲು ಕೀಳುಗಳಿಲ್ಲ. ಅನ್ನವಾಗಲಿ, ಮುದ್ದೆಯಾಗಲಿ, ಗೆಣಸಾಗಲಿ ಅವುಗಳಲ್ಲಿರುವ ಪಿಷ್ಟವು ಕೊನೆಗೆ ಗ್ಲೂಕೋಸ್ ಎಂಬ ಒಂದೇ ಸಕ್ಕರೆಯಾಗಿ ರಕ್ತವನ್ನು ಸೇರಬೇಕು.

ಹೀಗೆ ಬದಲಾಗುವ ಅಗತ್ಯವಾದರೂ ಏನು? ಪಿಷ್ಟದ ಒಂದು ಅಣುವೆಂದರೆ ನೂರಾರು, ಸಾವಿರಾರು ಗ್ಲೂಕೋಸ್ ಘಟಕಗಳು ಕೊಂಡಿಗೂಡಿ ನಿಂತ ಸರಪಳಿ. ಕರುಳಿನ ಗೋಡೆಯು ಅಷ್ಟು ದೊಡ್ಡ ಅಣುವನ್ನು ಒಳಗೆ ಬಿಡಲಾರದು. ಹುಲ್ಲಿನ ಬಣವೆಯನ್ನು ಇಡಿಯಾಗಿ ಗೋಡೆಯ ಕಿಂಡಿಯಿಂದ ತೂರಿಸಲಾದೀತೇ? ಎಳೆ ಎಳೆಯಾಗಿ ಬಿಡಿಸಿದರೆ ಮಾತ್ರ ಸಾಧ್ಯ. ಪಿಷ್ಟವನ್ನು ಸರಳ ಸಕ್ಕರೆಯಾಗಿಯೂ, ಪ್ರೋಟೀನನ್ನು ಅಮೈನೋ ಆಮ್ಲಗಳಾಗಿಯೂ, ಕೊಬ್ಬನ್ನು ಮೇದಾಮ್ಲ ಮೊದಲಾದವುಗಳಾಗಿಯೂ ಬಿಡಿಸುವ ಕಾರ್ಯಕ್ಕೆ ಜೀರ್ಣಕ್ರಿಯೆ ಎಂದು ಹೆಸರು. ಈ ಬಿಡಿಸುವ ಕೆಲಸವನ್ನು ಮಾಡುವ ರಾಸಾಯನಿಕ ಆಳುಗಳೇ ಕಿಣ್ವಗಳು. ಒಂದೊಂದು ಕಿಣ್ವಕ್ಕೆ ಒಂದೊಂದು ಬಗೆಯ ಕೊಂಡಿ ಮಾತ್ರ ಗೊತ್ತು. ಬೇರೆ ಕೊಂಡಿಯ ಗೋಜಿಗೆ ಅದು ಹೋಗುವುದಿಲ್ಲ.

ಜೀರ್ಣಾಂಗವ್ಯೂಹದ ಮುಖ್ಯ ಭಾಗವು ಬಾಯಿಂದ ಗುದದ್ವಾರದವರೆಗೆ ಸಾಗುವ ಒಂದೇ ನಾಳ. ಶವಪರೀಕ್ಷೆಯಲ್ಲಿ ಅಳೆದಾಗ ಇದು ಸುಮಾರು 9 ಮೀಟರ್ ಉದ್ದವಿರುತ್ತದೆ. ಜೀವಂತ ದೇಹದಲ್ಲಿ ಸ್ನಾಯುಗಳು ಬಿಗಿದಿರುವ ಕಾರಣ ಅದಕ್ಕಿಂತ ಕಡಿಮೆ. ಈ ನಾಳದೊಳಗೆ ಇರುವವರೆಗೂ ಆಹಾರವು, ನಿಜವಾಗಿ ನೋಡಿದರೆ, ದೇಹದ ಹೊರಗೇ ಇದ್ದಂತೆ. ನುಂಗಿದ ಗಾಜಿನ ಗೋಲಿಯು ಮರುದಿನ ಹಾಗೆಯೇ ಹೊರಬರುವುದು ಇದಕ್ಕೆ ಸಾಕ್ಷಿ.

ಪಯಣದ ಮೊದಲ ಠಾಣೆ ಬಾಯಿ. ವಯಸ್ಕನ 32 ಹಲ್ಲುಗಳು ಆಹಾರವನ್ನು ಕತ್ತರಿಸಿ, ಸೀಳಿ, ಅರೆಯುತ್ತವೆ. ಮೂರು ಜೊತೆ ಜೊಲ್ಲುಗ್ರಂಥಿಗಳು ದಿನಕ್ಕೆ ಒಂದರಿಂದ ಒಂದೂವರೆ ಲೀಟರ್ ಜೊಲ್ಲನ್ನು ಸುರಿಸುತ್ತವೆ. ಇದರಲ್ಲಿರುವ ಅಮೈಲೇಸ್ ಎಂಬ ಕಿಣ್ವವು ಪಿಷ್ಟದ ಸರಪಳಿಯನ್ನು ಅಲ್ಲಲ್ಲಿ ತುಂಡರಿಸುತ್ತದೆ. ಒಂದು ತುತ್ತು ಬರಿಯ ಅನ್ನವನ್ನು ಎರಡು ಮೂರು ನಿಮಿಷ ಅಗಿಯುತ್ತಿದ್ದರೆ ನಾಲಗೆಗೆ ಸಿಹಿಯ ಎಳೆಯೊಂದು ತೋರುವುದು ಈ ಕಾರಣದಿಂದ. ಮಾಲ್ಟೋಸ್ ಎಂಬ ಸಕ್ಕರೆ ಅಲ್ಲಿಯೇ ಹುಟ್ಟಿಕೊಂಡಿರುತ್ತದೆ.

ಇಲ್ಲಿ ಒಂದು ತೊಡಕು ಏಳುತ್ತದೆ. ಆಹಾರವನ್ನು ಚೆನ್ನಾಗಿ ಅಗಿದು ತಿನ್ನಬೇಕೆಂದು ಎಲ್ಲ ಆರೋಗ್ಯಪಾಠಗಳೂ ಹೇಳುತ್ತವೆ. ಆದರೆ ಮುದ್ದೆಯನ್ನು ಬಲ್ಲ ಯಾರೂ ಅದನ್ನು ಅಗಿಯುವುದಿಲ್ಲ. ಬೆರಳುಗಳಿಂದ ಮುರಿದು, ಸಾರಿನಲ್ಲಿ ಅದ್ದಿ, ನುಂಗುತ್ತಾರೆ. ಪಟ್ಟಣದಿಂದ ಬಂದ ನೆಂಟನು ಅಗಿಯಹೊರಟು, ಹಲ್ಲಿಗೆ ಅಂಟಿಸಿಕೊಂಡು ಪೇಚಾಡುವುದನ್ನು ಕಂಡು ಮನೆಯ ಮಕ್ಕಳು ನಗುವುದುಂಟು. ಹಾಗಾದರೆ ತಲೆಮಾರುಗಳಿಂದ ಮುದ್ದೆ ನುಂಗಿದವರೆಲ್ಲ ತಪ್ಪು ಮಾಡಿದರೇ?

ತಪ್ಪು ಮಾಡಲಿಲ್ಲ. ಅಗಿಯುವುದರ ಉದ್ದೇಶವೇನೆಂದು ಯೋಚಿಸಿದರೆ ಇದು ತಿಳಿಯುತ್ತದೆ. ಹಲ್ಲು ಮಾಡಬೇಕಾದ ಅರೆಯುವ ಕೆಲಸವನ್ನು ಬೀಸುವ ಕಲ್ಲೋ ಗಿರಣಿಯೋ ಮೊದಲೇ ಮಾಡಿ ಮುಗಿಸಿದೆ. ಕುದಿಯುವ ಎಸರಿನಲ್ಲಿ ಪಿಷ್ಟದ ಕಣಗಳು ನೀರನ್ನು ಹೀರಿ, ಉಬ್ಬಿ, ಒಡೆದು ಕಿಣ್ವಗಳಿಗೆ ಸುಲಭವಾಗಿ ಸಿಕ್ಕುವಂತಾಗಿವೆ. ಮಿಕ್ಕಿರುವುದು ಜೊಲ್ಲಿನ ಕೆಲಸ. ಅದು ತಪ್ಪಿಹೋದರೂ ನಷ್ಟವು ಹೆಚ್ಚಲ್ಲ. ಏಕೆಂದರೆ ಪಿಷ್ಟದ ಬಹುಪಾಲು ಜೀರ್ಣವಾಗುವುದು ಬಾಯಿಯಲ್ಲಿ ಅಲ್ಲ, ಮುಂದೆ ಸಣ್ಣ ಕರುಳಿನಲ್ಲಿ. ಆದರೆ ಈ ರಿಯಾಯಿತಿಯು ಮುದ್ದೆಗೆ ಮಾತ್ರ ಸಲ್ಲುತ್ತದೆ. ಅದರ ಜೊತೆಗಿನ ಸೊಪ್ಪು, ಕಾಳು, ಮಾಂಸಗಳನ್ನು ಯಾವ ಗಿರಣಿಯೂ ಬೀಸಿಕೊಟ್ಟಿಲ್ಲ. ಅವುಗಳನ್ನು ಮುದ್ದೆಯ ಸಂಗಡ ಹಾಗೆಯೇ ಇಳಿಸಿದರೆ ಇಡಿಯ ಕಾಳು ಇಡಿಯಾಗಿಯೇ ಹೊರಹೋಗುತ್ತದೆ.

ನುಂಗಿದ ತುತ್ತು ಗಂಟಲಿಗೆ ಬಂದೊಡನೆ ಉಸಿರುನಾಳದ ಬಾಯಿಗೆ ಒಂದು ಮುಚ್ಚಳ ಮುಚ್ಚಿಕೊಳ್ಳುತ್ತದೆ. ಉಣ್ಣುತ್ತ ನಗುವವರಿಗೆ ಈ ಮುಚ್ಚಳವು ಸರಿಯಾದ ಕ್ಷಣದಲ್ಲಿ ಮುಚ್ಚದೆ ನೆತ್ತಿಗೇರುತ್ತದೆ. ಅಲ್ಲಿಂದ ಮುಂದೆ ಸುಮಾರು 25 ಸೆಂಟಿಮೀಟರ್ ಉದ್ದದ ಅನ್ನನಾಳ. ತುತ್ತು ಅದರಲ್ಲಿ ಬಾವಿಗೆ ಬಿದ್ದ ಕಲ್ಲಿನಂತೆ ಬೀಳುವುದಿಲ್ಲ. ಹಿಂದಿನ ಸ್ನಾಯು ಸಂಕುಚಿಸಿ ಮುಂದಿನದು ಸಡಿಲಗೊಂಡು ಅಲೆ ಅಲೆಯಾಗಿ ಅದನ್ನು ಒತ್ತುತ್ತವೆ. ತಲೆಕೆಳಗಾಗಿ ನಿಂತವನಿಗೂ ನುಂಗಲು ಸಾಧ್ಯವಾಗುವುದು ಇದರಿಂದಲೇ. ಹಸುವು ತಲೆ ತಗ್ಗಿಸಿ ಕೆರೆಯ ನೀರನ್ನು ಮೇಲಕ್ಕೆ ಕುಡಿಯುವುದನ್ನು ಎಲ್ಲರೂ ಕಂಡಿದ್ದಾರೆ.

ಹತ್ತು ಸೆಕೆಂಡುಗಳೊಳಗಾಗಿ ತುತ್ತು ಜಠರವನ್ನು ಸೇರುತ್ತದೆ. ಜಠರವು ಒಂದರಿಂದ ಒಂದೂವರೆ ಲೀಟರ್ ಹಿಡಿಯಬಲ್ಲ ಸ್ನಾಯುವಿನ ಚೀಲ. ಇದರ ಒಳಗೋಡೆಯಿಂದ ದಿನಕ್ಕೆ ಸುಮಾರು 2 ಲೀಟರ್ ಜಠರರಸ ಒಸರುತ್ತದೆ. ಇದರಲ್ಲಿ ಹೈಡ್ರೋಕ್ಲೋರಿಕ್ ಆಮ್ಲವೂ ಪೆಪ್ಸಿನ್ ಎಂಬ ಕಿಣ್ವವೂ ಇವೆ. ಆಮ್ಲವು ಆಹಾರದೊಡನೆ ಬಂದ ರೋಗಾಣುಗಳಲ್ಲಿ ಬಹಳಷ್ಟನ್ನು ಕೊಲ್ಲುತ್ತದೆ. ಪೆಪ್ಸಿನ್ ಪ್ರೋಟೀನನ್ನು ತುಂಡರಿಸುತ್ತದೆ. ಮಾಂಸವನ್ನು ಕರಗಿಸುವ ಈ ರಸವು ಮಾಂಸದಿಂದಲೇ ಆದ ಜಠರವನ್ನು ಏಕೆ ಕರಗಿಸುವುದಿಲ್ಲ? ಗೋಡೆಯ ಮೇಲೆ ಲೋಳೆಯ ದಪ್ಪ ಲೇಪವಿದೆ. ಅದರಡಿಯ ಜೀವಕೋಶಗಳು ಕೆಲವೇ ದಿನಗಳಿಗೊಮ್ಮೆ ಹೊಸದಾಗುತ್ತಿರುತ್ತವೆ. ಈ ಲೇಪವು ಕೆಟ್ಟಾಗ ಹುಣ್ಣಾಗುತ್ತದೆ. ಹುಣ್ಣಿಗೆ ಖಾರ ಮತ್ತು ಚಿಂತೆಗಳೇ ಮೂಲವೆಂದು ವೈದ್ಯರೂ ಬಹುಕಾಲ ನಂಬಿದ್ದರು. ಅನೇಕ ಹುಣ್ಣುಗಳಿಗೆ ಒಂದು ಬ್ಯಾಕ್ಟೀರಿಯ ಕಾರಣವೆಂದು ಆಸ್ಟ್ರೇಲಿಯದ ವಾರನ್ ಮತ್ತು ಮಾರ್ಷಲ್ 1980ರ ದಶಕದಲ್ಲಿ ತೋರಿಸಿದರು. ಯಾರೂ ನಂಬದಿದ್ದಾಗ ಮಾರ್ಷಲ್ 1984ರಲ್ಲಿ ಆ ಬ್ಯಾಕ್ಟೀರಿಯವನ್ನು ತಾನೇ ಕುಡಿದು ಜಠರದ ಉರಿಯೂತವನ್ನು ಬರಿಸಿಕೊಂಡರು. 2005ರಲ್ಲಿ ಇಬ್ಬರಿಗೂ ನೊಬೆಲ್ ಪಾರಿತೋಷಕ ಬಂದಿತು.

ಜಠರದ ಒಳಗೆ ನಡೆಯುವುದನ್ನು ಮನುಷ್ಯನು ಕಣ್ಣಾರೆ ಕಂಡ ಕಥೆ ಇನ್ನೂ ವಿಚಿತ್ರವಾದುದು. 1822ರ ಜೂನ್ 6ರಂದು ಅಮೆರಿಕದ ಮ್ಯಾಕಿನಾ ದ್ವೀಪದಲ್ಲಿ ಅಲೆಕ್ಸಿಸ್ ಸೇಂಟ್ ಮಾರ್ಟಿನ್ ಎಂಬ ಕೂಲಿಯ ಯುವಕನಿಗೆ ಹತ್ತಿರದಿಂದ ಅಕಸ್ಮಾತ್ತಾಗಿ ಗುಂಡು ತಗುಲಿತು. ಸೈನ್ಯದ ವೈದ್ಯ ವಿಲಿಯಂ ಬೋಮಾಂಟ್ ಅವನನ್ನು ಉಳಿಸಿದರು. ಗಾಯ ಮಾಯ್ದರೂ ಹೊಟ್ಟೆಯ ಪಾರ್ಶ್ವದಲ್ಲಿ ಜಠರದವರೆಗೆ ತೆರೆದ ರಂಧ್ರವೊಂದು ಉಳಿದುಬಿಟ್ಟಿತು. 1825ರಿಂದ ಬೋಮಾಂಟ್ ಆ ಕಿಂಡಿಯ ಮೂಲಕ ಮಾಂಸ, ರೊಟ್ಟಿ, ಎಲೆಕೋಸುಗಳ ತುಣುಕುಗಳನ್ನು ರೇಷ್ಮೆಯ ದಾರಕ್ಕೆ ಕಟ್ಟಿ ಒಳಗಿಳಿಸಿ, ಗಂಟೆಗೊಮ್ಮೆ ಹೊರಗೆಳೆದು ನೋಡಿದರು. ಜಠರರಸವನ್ನು ಹೊರತೆಗೆದು ಶೀಶೆಯಲ್ಲಿ ಬೆಚ್ಚಗಿಟ್ಟು ಅದರಲ್ಲಿಯೂ ಮಾಂಸ ಕರಗುವುದನ್ನು ಕಂಡರು. ಜೀರ್ಣಕ್ರಿಯೆಯು ಬರಿಯ ಅರೆಯುವಿಕೆಯೂ ಅಲ್ಲ, ಕೊಳೆಯುವಿಕೆಯೂ ಅಲ್ಲ, ಅದೊಂದು ರಾಸಾಯನಿಕ ಕ್ರಿಯೆ ಎಂಬುದು ಇದರಿಂದ ದೃಢವಾಯಿತು. 1833ರಲ್ಲಿ ಪ್ರಕಟವಾದ ಅವರ ಗ್ರಂಥವು ಬೋಮಾಂಟರಿಗೆ ಕೀರ್ತಿಯನ್ನು ತಂದಿತು.

ಸೇಂಟ್ ಮಾರ್ಟಿನ್‌ನಿಗೆ ಏನು ಬಂದಿತು? ಅವನು ಬಡವ, ವೈದ್ಯರ ಮನೆಯಲ್ಲಿ ಆಳಾಗಿ ಸೌದೆ ಕಡಿಯುತ್ತ, ಕರೆದಾಗ ಹೊಟ್ಟೆಯನ್ನು ಒಡ್ಡುತ್ತ ಬದುಕಿದ. ಹಲವು ಬಾರಿ ಬಿಟ್ಟು ಹೋದ. 1880ರಲ್ಲಿ ಅವನು ತೀರಿಕೊಂಡಾಗ ಮನೆಯವರು ದೇಹವನ್ನು ವೈದ್ಯರಿಗೆ ಕೊಡಲೊಪ್ಪದೆ ಆಳವಾದ ಗುಂಡಿಯಲ್ಲಿ ಹೂಳಿದರು. ಪಾಠಪುಸ್ತಕಗಳು ಬೋಮಾಂಟರನ್ನು ಹೊಗಳುವಾಗ ಈ ಮನುಷ್ಯನ ಹೆಸರನ್ನು ಬಿಟ್ಟುಬಿಡುವುದು ನ್ಯಾಯವಲ್ಲ.

ಮುದ್ದೆಯ ಮಾತಿಗೆ ಮರಳಬಹುದು. ಜಠರದ ಕೆಳಭಾಗದ ಬಲವಾದ ಸ್ನಾಯುಗಳು ಆಹಾರವನ್ನು ಮತ್ತೆ ಮತ್ತೆ ಕಡೆದು ಗಂಜಿಯಂತೆ ಮಾಡುತ್ತವೆ. ಅದರ ಕೊನೆಯ ಬಾಗಿಲು ಒಂದೆರಡು ಮಿಲಿಮೀಟರಿಗಿಂತ ದಪ್ಪನಾದ ಕಣಗಳನ್ನು ಸುಲಭವಾಗಿ ಮುಂದೆ ಬಿಡುವುದಿಲ್ಲ. ಅಗಿಯದೆ ನುಂಗಿದ ಗಟ್ಟಿಯಾದ ಮುದ್ದೆಯು ಕರಗಿ ಈ ಬಾಗಿಲನ್ನು ದಾಟಲು ಹೊತ್ತು ಬೇಕು. ತೆಳುವಾದ ಗಂಜಿ ಕುಡಿದವನಿಗೆ ಬೇಗನೆ ಹಸಿವಾಗುವುದೂ ಮುದ್ದೆ ಉಂಡವನಿಗೆ ಹೊಟ್ಟೆ ಗಟ್ಟಿಯಾಗಿ ನಿಂತಂತೆ ತೋರುವುದೂ ಹೀಗೆ. ಆದರೆ ರಾಗಿ ತಿಂದರೆ ರಕ್ತದಲ್ಲಿ ಸಕ್ಕರೆ ಏರುವುದೇ ಇಲ್ಲವೆಂಬ ಮಾತು ಸರಿಯಲ್ಲ. ರಾಗಿಯಲ್ಲಿಯೂ ಬಹುಭಾಗ ಪಿಷ್ಟವೇ ಇದೆ. ಹಿಟ್ಟು ನುಣುಪಾದಷ್ಟೂ, ಹೊಟ್ಟನ್ನು ಜರಡಿ ಹಿಡಿದಷ್ಟೂ ಅದು ಬೇಗನೆ ಸಕ್ಕರೆಯಾಗುತ್ತದೆ. ಸಿಹಿಮೂತ್ರ ರೋಗವುಳ್ಳವರು ರಾಗಿಯೆಂದು ಎರಡು ಮುದ್ದೆಯನ್ನು ಹೆಚ್ಚಾಗಿ ಉಂಡರೆ ಲಾಭವಿಲ್ಲ.

ಜಠರವು ಕೆಲವೊಮ್ಮೆ ತಾನು ಪಡೆದುದನ್ನು ಹಿಂದಕ್ಕೆ ತಳ್ಳುತ್ತದೆ. ವಾಂತಿಯಾದಾಗ ಹೊಟ್ಟೆಯನ್ನೇ ದೂರುವುದು ರೂಢಿ. ಆದರೆ ಅದರ ಆಜ್ಞೆ ಹೊರಡುವುದು ಮಿದುಳಿನ ಬುಡದಿಂದ. ಹುಣಸೂರು, ಪಿರಿಯಾಪಟ್ಟಣಗಳ ಹೊಗೆಸೊಪ್ಪಿನ ಹೊಲಗಳಲ್ಲಿ ಇದನ್ನು ತಿಳಿದಿರುವುದು ಅಗತ್ಯ. ಮಳೆಗಾಲದಲ್ಲಿ ಎಲೆ ಮುರಿಯುವಾಗ ಎಲೆಯ ಮೇಲಿನ ಮಳೆಹನಿಯಲ್ಲಿಯೋ ಇಬ್ಬನಿಯಲ್ಲಿಯೋ ನಿಕೋಟಿನ್ ಎಂಬ ವಿಷ ಕರಗಿರುತ್ತದೆ. ನೆನೆದ ಸೊಪ್ಪನ್ನು ಎದೆಗೆ ಅವಚಿಕೊಂಡು ಸಾಗಿಸುವವರ ಚರ್ಮದ ಮೂಲಕ ಅದು ರಕ್ತವನ್ನು ಸೇರಿ, ಮಿದುಳಿನ ಆ ಕೇಂದ್ರವನ್ನು ಕೆರಳಿಸುತ್ತದೆ. ತಲೆ ಸುತ್ತು, ಓಕರಿಕೆ, ವಾಂತಿ ಬರುತ್ತವೆ. ಉಂಡದ್ದು ಸರಿಹೋಗಲಿಲ್ಲವೆಂದು ಮನೆಯವರು ಅಡಿಗೆಯನ್ನು ಸಂದೇಹಿಸುತ್ತಾರೆ, ದೋಷವು ಅಡಿಗೆಯಲ್ಲಿರುವುದಿಲ್ಲ. ಹಗುರವಾದ ಮೈಯುಳ್ಳ ಮಕ್ಕಳಿಗೆ ಅಷ್ಟೇ ವಿಷವು ಹೆಚ್ಚು ತಾಕುತ್ತದೆ. ಸೊಪ್ಪಿನ ಕೆಲಸಕ್ಕೆ ಮಕ್ಕಳನ್ನು ಕರೆಯಬಾರದೆಂಬುದಕ್ಕೆ ಶಾಲೆ ತಪ್ಪುತ್ತದೆ ಎಂಬುದೊಂದೇ ಕಾರಣವಲ್ಲ. ದೊಡ್ಡವರಾದರೂ ಕೈಗವಸು ತೊಟ್ಟು, ನೆನೆದ ಬಟ್ಟೆಯನ್ನು ಕೂಡಲೆ ಬದಲಿಸಿ, ಸೋಪಿನಿಂದ ಮೈ ತೊಳೆದುಕೊಂಡರೆ ಬಾಧೆ ಕಡಿಮೆಯಾಗುತ್ತದೆ.

ಮೂರು ನಾಲ್ಕು ಗಂಟೆಗಳಲ್ಲಿ ಜಠರ ಬರಿದಾಗುತ್ತದೆ. ಗಂಜಿಯಂತಾದ ಆಹಾರವು ಸ್ವಲ್ಪ ಸ್ವಲ್ಪವಾಗಿ ಸಣ್ಣ ಕರುಳಿಗೆ ಇಳಿಯುತ್ತದೆ. ಹೆಸರಿಗೆ ಸಣ್ಣದಾದರೂ ಜೀರ್ಣಾಂಗಗಳಲ್ಲಿ ಹಿರಿಯ ಕೆಲಸ ಇದರದು. ಆಮ್ಲವು ಇದರ ಗೋಡೆಗೆ ತಗುಲಿದೊಡನೆ ಗೋಡೆಯಿಂದ ಸೆಕ್ರಿಟಿನ್ ಎಂಬ ವಸ್ತು ರಕ್ತಕ್ಕೆ ಸೇರಿ, ಮೇದೋಜೀರಕ ಗ್ರಂಥಿಗೆ ಸುದ್ದಿ ಮುಟ್ಟಿಸುತ್ತದೆ. ಲಂಡನ್ನಿನಲ್ಲಿ ಬೇಲಿಸ್ ಮತ್ತು ಸ್ಟಾರ್ಲಿಂಗ್ ಇದನ್ನು ಕಂಡುಹಿಡಿದದ್ದು 1902ರಲ್ಲಿ. ಹಾರ್ಮೋನ್ ಎಂಬ ಮಾತೇ ಆ ಶೋಧದ ಫಲವಾಗಿ ಬಂದುದು. ಸುದ್ದಿ ತಲುಪಿದ ಗ್ರಂಥಿಯು ಕ್ಷಾರೀಯ ರಸವನ್ನು ಸುರಿಸಿ ಆಮ್ಲವನ್ನು ಶಮನಗೊಳಿಸುತ್ತದೆ. ಆ ರಸದಲ್ಲಿ ಪಿಷ್ಟಕ್ಕೆ ಅಮೈಲೇಸ್, ಪ್ರೋಟೀನಿಗೆ ಟ್ರಿಪ್ಸಿನ್, ಕೊಬ್ಬಿಗೆ ಲೈಪೇಸ್ ಎಂಬ ಕಿಣ್ವಗಳಿರುತ್ತವೆ. ಯಕೃತ್ತಿನಲ್ಲಿ ತಯಾರಾಗಿ ಪಿತ್ತಕೋಶದಲ್ಲಿ ಶೇಖರವಾಗಿದ್ದ ಪಿತ್ತರಸವೂ ಇಲ್ಲಿಯೇ ಬಂದು ಕೂಡುತ್ತದೆ. ಪಿತ್ತರಸದಲ್ಲಿ ಜೀರ್ಣಕಾರಿ ಕಿಣ್ವಗಳಿಲ್ಲ. ಎಣ್ಣೆಯ ಜಿಡ್ಡು ಮೆತ್ತಿದ ಪಾತ್ರೆಗೆ ಸೀಗೆಪುಡಿಯು ಮಾಡುವ ಉಪಕಾರವನ್ನೇ ಅದು ಪಲ್ಯದ ಒಗ್ಗರಣೆಯ ಹುಚ್ಚೆಳ್ಳೆಣ್ಣೆಗೆ ಮಾಡುತ್ತದೆ: ದೊಡ್ಡ ಹನಿಗಳನ್ನು ಒಡೆದು ಸೂಕ್ಷ್ಮವಾದ ಹನಿಗಳಾಗಿ ಹರಡುತ್ತದೆ. ಆಮೇಲೆ ಲೈಪೇಸ್ ತನ್ನ ಕೆಲಸವನ್ನು ಸಲೀಸಾಗಿ ಮಾಡುತ್ತದೆ.

ಕೊನೆಯ ಕೊಂಡಿಗಳನ್ನು ಕರುಳಿನ ಗೋಡೆಯಲ್ಲೇ ನೆಲೆಸಿದ ಕಿಣ್ವಗಳು ಬಿಡಿಸುತ್ತವೆ. ಮಾಲ್ಟೇಸ್ ಮಾಲ್ಟೋಸನ್ನೂ, ಸುಕ್ರೇಸ್ ಕಬ್ಬಿನ ಸಕ್ಕರೆಯನ್ನೂ, ಲ್ಯಾಕ್ಟೇಸ್ ಹಾಲಿನ ಸಕ್ಕರೆಯನ್ನೂ ಒಡೆಯುತ್ತವೆ. ಎಳೆಯ ಮಗುವಿನಲ್ಲಿ ಹೇರಳವಾಗಿರುವ ಲ್ಯಾಕ್ಟೇಸ್ ದೊಡ್ಡವರಾದಂತೆ ಅನೇಕರಲ್ಲಿ ಕಡಿಮೆಯಾಗುತ್ತದೆ. ಅಂಥವರಿಗೆ ಒಂದು ಲೋಟ ಹಾಲು ಹೊಟ್ಟೆಯುಬ್ಬರವನ್ನು ತರಬಹುದು, ಮಜ್ಜಿಗೆ ತರುವುದಿಲ್ಲ. ಹೆಪ್ಪಿನ ಬ್ಯಾಕ್ಟೀರಿಯಗಳು ಹಾಲಿನ ಸಕ್ಕರೆಯ ಒಂದು ಪಾಲನ್ನು ಮೊದಲೇ ಆಮ್ಲವಾಗಿ ಮಾಡಿರುತ್ತವೆ. ಊಟದ ಕೊನೆಗೆ ಮಜ್ಜಿಗೆ ಬರುವ ಪದ್ಧತಿಯನ್ನು ಯಾವ ವಿಜ್ಞಾನಿಯೂ ಹೇಳಿಕೊಡಲಿಲ್ಲ.

ಇಂಥ ಮುಂಗಡ ಜೀರ್ಣದ ಇನ್ನೊಂದು ಉದಾಹರಣೆ ಜೇನುಕುರುಬರ ಜೇನು. ಹೂವಿನ ಮಕರಂದದಲ್ಲಿರುವ ಸಕ್ಕರೆಯ ಬಹುಪಾಲು ಕಬ್ಬಿನ ಸಕ್ಕರೆಯಂಥದೇ. ಜೇನುಹುಳುವು ತನ್ನ ಕಿಣ್ವವನ್ನು ಅದಕ್ಕೆ ಸೇರಿಸಿ ಗ್ಲೂಕೋಸ್ ಮತ್ತು ಫ್ರಕ್ಟೋಸುಗಳಾಗಿ ಒಡೆದಿಡುತ್ತದೆ. ಮನುಷ್ಯನ ಕರುಳು ಮಾಡಬೇಕಾದ ಕೆಲಸವನ್ನು ಹುಳುವೇ ಮರದ ಕೊಂಬೆಯ ಮೇಲೆ ಮಾಡಿ ಮುಗಿಸಿದೆ. ದಣಿದವನಿಗೆ ಜೇನು ಬೇಗನೆ ಶಕ್ತಿ ಕೊಡುವುದು ಇದರಿಂದ. ಆದರೆ ಒಂದು ವರ್ಷ ತುಂಬದ ಮಗುವಿಗೆ ಜೇನನ್ನು ನೆಕ್ಕಿಸಬಾರದು. ಅದರಲ್ಲಿ ಕೆಲವೊಮ್ಮೆ ಇರುವ ಬ್ಯಾಕ್ಟೀರಿಯದ ಬೀಜಾಣುಗಳು ಎಳೆಯ ಕರುಳಿನಲ್ಲಿ ಮೊಳೆತು ವಿಷವನ್ನು ಉಂಟುಮಾಡಬಲ್ಲವು.

ರಾಗಿಯನ್ನು ನೆನೆಸಿ, ಮೊಳಕೆ ಬರಿಸಿ, ಒಣಗಿಸಿ, ಹದವಾಗಿ ಹುರಿದು ಬೀಸಿದ ಹಿಟ್ಟೂ ಇದೇ ಜಾತಿಗೆ ಸೇರಿದ್ದು. ಮೊಳೆಯುವ ಕಾಳು ತನ್ನ ಸಸಿಗಾಗಿ ಅಮೈಲೇಸನ್ನು ತಾನೇ ತಯಾರಿಸಿಕೊಂಡು ಪಿಷ್ಟವನ್ನು ಒಡೆಯತೊಡಗುತ್ತದೆ. ಸಾಮಾನ್ಯ ಹಿಟ್ಟಿನ ಗಂಜಿಯು ಸ್ವಲ್ಪ ಹಿಟ್ಟಿಗೇ ಗಟ್ಟಿಯಾಗುವುದರಿಂದ ಮಗುವಿನ ಪುಟ್ಟ ಹೊಟ್ಟೆಯು ನೀರಿನಿಂದಲೇ ತುಂಬಿ, ಸಾಕಷ್ಟು ಆಹಾರ ಸಿಕ್ಕುವುದಿಲ್ಲ. ಮೊಳಕೆಯ ಹಿಟ್ಟಿನದಾದರೆ ಹೆಚ್ಚು ಹಿಟ್ಟು ಹಾಕಿದರೂ ಗಂಜಿ ತೆಳುವಾಗಿಯೇ ಇರುತ್ತದೆ. 1950ರಲ್ಲಿ ಮೈಸೂರಿನ ಚೆಲುವಾಂಬ ಮಹಲಿನಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದ ವಿಜ್ಞಾನಿಗಳಾದ ಮಲ್ಲೇಶಿ ಮತ್ತು ದೇಸಿಕಾಚಾರ್ ಮೊಳಕೆಯ ರಾಗಿ ಮತ್ತು ಹೆಸರುಕಾಳಿನಿಂದ ಇಂಥ ಶಿಶುಆಹಾರವನ್ನು ರೂಪಿಸಿ 1982ರಲ್ಲಿ ಪ್ರಕಟಿಸಿದರು. ಅಜ್ಜಿಯರು ಬಾಣಂತಿಯ ಮನೆಗೆ ಹೊತ್ತು ತರುತ್ತಿದ್ದ ಹಿಟ್ಟಿಗೆ ಹೀಗೆ ಲೆಕ್ಕಾಚಾರದ ಬೆಂಬಲ ದೊರೆಯಿತು. ಮೊಳಕೆಯಿಂದ ಇನ್ನೊಂದು ಲಾಭವೂ ಉಂಟು. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣಾಂಶವಿದೆ. ಪಾಲಿಷ್ ಮಾಡಿದ ಅಕ್ಕಿಯಲ್ಲಿ 10 ಮಿಲಿಗ್ರಾಂ ಕೂಡ ಇಲ್ಲ. ಆದರೆ ಕಾಳಿನಲ್ಲಿರುವ ಫೈಟಿಕ್ ಆಮ್ಲವು ಸುಣ್ಣವನ್ನೂ ಕಬ್ಬಿಣವನ್ನೂ ಹಿಡಿದಿಟ್ಟುಕೊಂಡು ಕರುಳಿಗೆ ಪೂರ್ತಿಯಾಗಿ ಬಿಟ್ಟುಕೊಡುವುದಿಲ್ಲ. ಮೊಳಕೆಯಲ್ಲಿ ಈ ಹಿಡಿತ ಸಡಿಲವಾಗುತ್ತದೆ. ಸಾರಿಗೆ ಹಿಂಡಿದ ನಿಂಬೆಯೂ ಕಬ್ಬಿಣದ ಹೀರಿಕೆಗೆ ನೆರವಾಗುತ್ತದೆ.

ಜೀರ್ಣವಾದುದನ್ನು ಹೀರಿಕೊಳ್ಳಲು ಸಣ್ಣ ಕರುಳಿನ ಒಳಮೈ ಮಡಿಕೆ ಮಡಿಕೆಯಾಗಿದೆ. ಮಡಿಕೆಗಳ ಮೇಲೆ ರಾಗಿಯ ಪೈರಿನ ಸಸಿಮಡಿಯಂತೆ ಒತ್ತಾಗಿ ರಸಾಂಕುರಗಳು ನಿಂತಿವೆ. ಒಂದೊಂದರ ಎತ್ತರವು ಒಂದು ಮಿಲಿಮೀಟರಿಗೂ ಕಡಿಮೆ. ಅವುಗಳ ಮೇಲಿನ ಜೀವಕೋಶಗಳಿಗೆ ಇನ್ನೂ ಸೂಕ್ಷ್ಮವಾದ ಅಂಕುರಗಳಿವೆ. ಈ ಒಳಮೈಯನ್ನೆಲ್ಲ ಹರಡಿದರೆ ಒಂದು ಟೆನಿಸ್ ಅಂಗಳದಷ್ಟಾಗುತ್ತದೆಂದು ಹಿಂದಿನ ಪುಸ್ತಕಗಳು ಬರೆದವು. 2014ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ಹೊಸದಾಗಿ ಅಳೆದಾಗ ಅದು ಸುಮಾರು 30 ಚದರ ಮೀಟರ್ ಎಂದು ತಿಳಿಯಿತು. ಹಳ್ಳಿಯ ಮನೆಯ ಒಂದು ದೊಡ್ಡ ಪಡಸಾಲೆಯಷ್ಟು ನೆಲವನ್ನು ಹೊಟ್ಟೆಯಲ್ಲಿ ಮಡಿಸಿಟ್ಟಿರುವುದೂ ಸಾಮಾನ್ಯವಾದ ಮಾತಲ್ಲ. ಸಕ್ಕರೆ ಮತ್ತು ಅಮೈನೋ ಆಮ್ಲಗಳು ರಸಾಂಕುರದ ರಕ್ತನಾಳಗಳ ಮೂಲಕ ಮೊದಲು ಯಕೃತ್ತಿಗೆ ಹೋಗುತ್ತವೆ. ಕೊಬ್ಬಿನ ಬಹುಪಾಲು ಬೇರೆ ದಾರಿ ಹಿಡಿದು ಹಾಲುರಸದ ನಾಳಗಳಲ್ಲಿ ಸಾಗಿ ಕೊನೆಗೆ ರಕ್ತವನ್ನು ಕೂಡುತ್ತದೆ.

ಉಳಿದ ನೀರು, ನಾರುಗಳು ಸುಮಾರು ಒಂದೂವರೆ ಮೀಟರ್ ಉದ್ದದ ದೊಡ್ಡ ಕರುಳಿಗೆ ಬರುತ್ತವೆ. ಮನುಷ್ಯನಿಗೆ ನಾರನ್ನು ಜೀರ್ಣಿಸುವ ಕಿಣ್ವವಿಲ್ಲ. ಹಸುವಿಗೂ ಇಲ್ಲ, ಅದು ತನ್ನ ನಾಲ್ಕು ಕೋಣೆಗಳ ಹೊಟ್ಟೆಯಲ್ಲಿ ಸಾಕಿಕೊಂಡ ಸೂಕ್ಷ್ಮಜೀವಿಗಳಿಂದ ಆ ಕೆಲಸವನ್ನು ಮಾಡಿಸುತ್ತದೆ. ನಾಗರಹೊಳೆಯ ಆನೆಯು ತಿಂದುದರಲ್ಲಿ ಅರ್ಧವನ್ನೂ ಜೀರ್ಣಿಸಲಾರದು. ಲದ್ದಿಯಲ್ಲಿ ಹುಲ್ಲಿನ ಎಳೆಗಳು ಹಾಗೆಯೇ ಕಾಣುತ್ತವೆ. ಮನುಷ್ಯನ ದೊಡ್ಡ ಕರುಳಿನಲ್ಲಿಯೂ ಲಕ್ಷ ಕೋಟಿಗಳ ಲೆಕ್ಕದಲ್ಲಿ ಬ್ಯಾಕ್ಟೀರಿಯಗಳಿವೆ. ಅವರೆ, ಹುರುಳಿಗಳಲ್ಲಿರುವ ಕೆಲವು ಸಕ್ಕರೆಗಳ ಕೊಂಡಿಯನ್ನು ಬಿಡಿಸುವ ಕಿಣ್ವ ಮನುಷ್ಯನ ಕರುಳಿನಲ್ಲಿಲ್ಲ. ಅವು ಇಲ್ಲಿಗೆ ಬಂದಾಗ ಬ್ಯಾಕ್ಟೀರಿಯಗಳಿಗೆ ಹಬ್ಬ. ಅವರೆಯ ಕಾಲದಲ್ಲಿ ತರಗತಿಯ ಕೋಣೆಗಳಲ್ಲಿ ಏಳುವ ನಗೆಗೆ ಇದೇ ಮೂಲ. ಕಾಳನ್ನು ನೆನೆಸಿ ನೀರನ್ನು ಚೆಲ್ಲಿದರೆ, ಮೊಳಕೆ ಬರಿಸಿದರೆ ತೊಂದರೆ ತಗ್ಗುತ್ತದೆ.

ದೊಡ್ಡ ಕರುಳಿನ ಮುಖ್ಯ ಕೆಲಸ ನೀರನ್ನು ಉಳಿಸುವುದು. ಮನುಷ್ಯನು ದಿನಕ್ಕೆ ಕುಡಿಯುವ ಸುಮಾರು 2 ಲೀಟರ್ ನೀರಿನೊಡನೆ ಜೀರ್ಣರಸಗಳ 7 ಲೀಟರ್ ಸೇರಿ, 9 ಲೀಟರಿನಷ್ಟು ದ್ರವವು ಕರುಳನ್ನು ಪ್ರವೇಶಿಸುತ್ತದೆ. ಮಲದೊಡನೆ ಹೋಗುವುದು 200 ಮಿಲಿಲೀಟರಿಗಿಂತ ಕಡಿಮೆ. ಮಿಕ್ಕುದೆಲ್ಲವನ್ನೂ ಕರುಳು ಹಿಂದಕ್ಕೆ ಹೀರಿಕೊಳ್ಳುತ್ತದೆ. ಅದರಲ್ಲಿ ಹೆಚ್ಚಿನ ಪಾಲು ಸಣ್ಣ ಕರುಳಿನದು. ಈ ಲೆಕ್ಕವು ತಪ್ಪಿದಾಗ ಭೇದಿಯಾಗುತ್ತದೆ. ಮೊದಲ ಮಳೆಗೆ ಬಾವಿ, ತೊರೆಗಳು ಕದಡಿದ ದಿನಗಳಲ್ಲಿ ಕೆಟ್ಟ ನೀರಿನಿಂದ ಭೇದಿ ಹರಡುತ್ತದೆ. ಹತ್ತು ಕಿಲೋಗ್ರಾಂ ತೂಗುವ ಮಗುವು ಒಂದೇ ಒಂದು ಲೀಟರ್ ನೀರನ್ನು ಕಳೆದುಕೊಂಡರೆ ಪ್ರಾಣಾಪಾಯ ಒದಗುತ್ತದೆ. ಕೊಲ್ಲುವುದು ಹೆಚ್ಚಾಗಿ ರೋಗಾಣುವಲ್ಲ, ನೀರಿನ ಮತ್ತು ಉಪ್ಪಿನ ನಷ್ಟ.

ಭೇದಿಯಾದ ಮಗುವಿಗೆ ನೀರು ಕೊಟ್ಟರೆ ಭೇದಿ ಹೆಚ್ಚುತ್ತದೆಂದು ಹೇಳಿ ಬಾಯಿ ಒಣಗಿಸುವ ಪದ್ಧತಿ ಅನೇಕ ಮನೆಗಳಲ್ಲಿತ್ತು. ಬರಿಯ ನೀರು ಬೇಗ ಹೀರಲ್ಪಡುವುದಿಲ್ಲವೆಂಬುದು ನಿಜ. ಆದರೆ ಕರುಳಿನ ಗೋಡೆಯಲ್ಲಿ ಗ್ಲೂಕೋಸಿಗೂ ಸೋಡಿಯಮ್ಮಿಗೂ ಜೊತೆಯಾಗಿ ತೆರೆಯುವ ಒಂದು ಬಾಗಿಲಿದೆ. ಒಂದು ಮತ್ತೊಂದರ ಕೈಹಿಡಿದು ಒಳಗೆ ಬರುತ್ತದೆ. ಅವೆರಡರ ಬೆನ್ನುಹತ್ತಿ ನೀರೂ ಬರುತ್ತದೆ. 1960ರಲ್ಲಿ ರಾಬರ್ಟ್ ಕ್ರೇನ್ ಇದನ್ನು ಸೂಚಿಸಿದರು. ಭೇದಿಯ ವೇಳೆಯಲ್ಲಿಯೂ ಈ ಬಾಗಿಲು ಬಹುಮಟ್ಟಿಗೆ ಕೆಲಸ ಮಾಡುತ್ತಲೇ ಇರುತ್ತದೆ. 1971ರಲ್ಲಿ ಬಾಂಗ್ಲಾದೇಶದ ಯುದ್ಧದಿಂದ ಓಡಿಬಂದ ನಿರಾಶ್ರಿತರ ಬನಗಾಂ ಶಿಬಿರದಲ್ಲಿ ಕಾಲರಾ ಹಬ್ಬಿ, ರಕ್ತನಾಳಕ್ಕೆ ಕೊಡುವ ದ್ರವವು ಮುಗಿಯುತ್ತ ಬಂದಾಗ ಡಾಕ್ಟರ್ ದಿಲೀಪ್ ಮಹಲನಾಬಿಸ್ ಉಪ್ಪು, ಗ್ಲೂಕೋಸ್ ಮತ್ತು ಸೋಡಾಗಳನ್ನು ನೀರಿನಲ್ಲಿ ಕದಡಿಸಿ ಡ್ರಮ್ಮುಗಳಲ್ಲಿ ತುಂಬಿಸಿಟ್ಟರು. ರೋಗಿಗಳ ತಾಯಂದಿರು, ಅಣ್ಣತಮ್ಮಂದಿರು ಲೋಟಗಳಲ್ಲಿ ಹಿಡಿದು ಕುಡಿಸಿದರು. ನೂರಕ್ಕೆ ಮೂವತ್ತರಷ್ಟಿದ್ದ ಸಾವು ನಾಲ್ಕಕ್ಕಿಂತ ಕೆಳಗಿಳಿಯಿತು. ಇಂದು ಆರೋಗ್ಯ ಕೇಂದ್ರಗಳಲ್ಲಿ ದೊರೆಯುವ ಓಆರ್‌ಎಸ್ ಪೊಟ್ಟಣವು ಅದರ ಸುಧಾರಿತ ರೂಪ. ಪೊಟ್ಟಣ ಸಿಕ್ಕದಿದ್ದರೆ ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಆರು ಸಮ ಚಹಾಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಬೆರೆಸಬಹುದು. ಅಳತೆ ತಪ್ಪಬಾರದು, ಉಪ್ಪು ಹೆಚ್ಚಾದರೆ ಅದೇ ಅಪಾಯ. ಗುಟುಕು ಗುಟುಕಾಗಿ ಕೊಡುತ್ತ, ಎದೆಹಾಲನ್ನು ನಿಲ್ಲಿಸದೆ, ಮಗುವು ಮಂಕಾದರೆ ಅಥವಾ ಮಲದಲ್ಲಿ ರಕ್ತ ಕಂಡರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು.

ಹಳ್ಳಿಯ ಮನೆಯಲ್ಲಿ ಈಗ ನಡುರಾತ್ರಿ ಕಳೆದಿದೆ. ರಕ್ತಕ್ಕೆ ಸೇರಿದ ಗ್ಲೂಕೋಸಿನಲ್ಲಿ ಹೆಚ್ಚಾದುದನ್ನು ಯಕೃತ್ತು ಗ್ಲೈಕೋಜನ್ ಎಂಬ ರೂಪದಲ್ಲಿ ಕೂಡಿಟ್ಟುಕೊಂಡಿದೆ. ಹುಡುಗನು ಮಲಗಿದ್ದರೂ ಅವನ ಮಿದುಳು ಮಲಗಿಲ್ಲ. ಅದಕ್ಕೆ ಇರುಳೆಲ್ಲ ಸಕ್ಕರೆ ಬೇಕು. ಯಕೃತ್ತು ಕಣಜದಿಂದ ಅಳೆದು ಕೊಡುವ ಮನೆಯೊಡತಿಯಂತೆ ಅದನ್ನು ಸ್ವಲ್ಪ ಸ್ವಲ್ಪವಾಗಿ ರಕ್ತಕ್ಕೆ ಬಿಡುತ್ತದೆ. ಬರಿದಾದ ಜಠರದಲ್ಲಿಯೂ ಕರುಳಿನಲ್ಲಿಯೂ ಒಂದೂವರೆ ಎರಡು ಗಂಟೆಗೊಮ್ಮೆ ಒಂದು ಬಲವಾದ ಅಲೆ ಎದ್ದು, ಅಳಿದುಳಿದ ಚೂರುಗಳನ್ನು ಗುಡಿಸಿಕೊಂಡು ಹೋಗುತ್ತದೆ. ಹಸಿದ ಹೊಟ್ಟೆ ಗುರುಗುಟ್ಟುವುದು ಈ ಗುಡಿಸುವಿಕೆಯ ಸದ್ದು. ಮೂಡಣ ಬೆಳಗಾಗುವ ಹೊತ್ತಿಗೆ ಅಂಥದೊಂದು ಸದ್ದಿಗೆ ಹುಡುಗನು ಮಗ್ಗುಲು ಬದಲಿಸುತ್ತಾನೆ. ಅಡಿಗೆಮನೆಯಲ್ಲಿ ಯಾರೋ ಒಲೆಯ ಬೂದಿಯನ್ನು ಕೆದಕುತ್ತಿದ್ದಾರೆ.